ಬೇಸಾಯ ಕಲಿಸಲು ಹೊರಟ ಹೊಸ ಮೇಷ್ಟರು

(ಭಾಷಣದ ಪಾಠ)



ಬೇಸಾಯ ಮಾಡುವುದು ಒಂದು ವಿದ್ಯೆ. ಅದನ್ನು ಇನ್ನೊಬ್ಬರಿಗೆ ಕಲಿಸುವುದು ಮತ್ತೊಂದು ವಿದ್ಯೆ. ಮೊದಲನೆಯದು ಬಂದವರಿಗೆಲ್ಲ ಎರಡನೆಯದು ಬರುತ್ತದೆಂದು ಹೇಳಲಾಗದು. ಈ ಎರಡನೆಯ ವಿದ್ಯೆಯನ್ನು ಅಮೆರಿಕದ ಹೈಸ್ಕೂಲುಗಳಲ್ಲಿ ಯುವಕ ಯುವತಿಯರು ಹೇಗೆ ಕಲಿಯುತ್ತಾರೆಂಬುದು ಇಂದಿನ ವಿಷಯ.

ಅಮೆರಿಕದಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯಿದೆಯು ಹೈಸ್ಕೂಲುಗಳಲ್ಲಿ ಬೇಸಾಯ ಕಲಿಸುವ ಶಿಕ್ಷಕರ ಸಂಬಳಕ್ಕೂ ಅವರ ತರಬೇತಿಗೂ ಕೇಂದ್ರ ಸರ್ಕಾರದ ಹಣ ಒದಗಿಸಿತು. ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ಕನಿಷ್ಠ 6 ತಿಂಗಳು ಮೇಲ್ವಿಚಾರಣೆಯಲ್ಲಿ ಬೇಸಾಯದ ಕೆಲಸ ಮಾಡಬೇಕೆಂದು ವಿಧಿಸಿತು. 1928ರಲ್ಲಿ ಕನ್ಸಾಸ್ ಸಿಟಿಯಲ್ಲಿ ವಿದ್ಯಾರ್ಥಿಗಳ ಎಫ್.ಎಫ್.ಎ. ಸಂಘ ಹುಟ್ಟಿತು. ತರಗತಿಯ ಪಾಠ, ಮನೆಯ ಹೊಲದ ಅನುಭವ, ಸಂಘದ ಚಟುವಟಿಕೆ ಈ ಮೂರೂ ಅಲ್ಲಿನ ಕೃಷಿ ಶಿಕ್ಷಣದ ಕಾಲುಗಳು.

ಕೃಷಿ ಶಿಕ್ಷಕನಾಗಬಯಸುವವನು ಕಾಲೇಜಿನ ಕೊನೆಯ ಹಂತದಲ್ಲಿ ಸಾಮಾನ್ಯವಾಗಿ 10ರಿಂದ 16 ವಾರ ಒಂದು ಹೈಸ್ಕೂಲಿನಲ್ಲಿ ಅಭ್ಯಾಸಿ ಶಿಕ್ಷಕನಾಗಿ ದುಡಿಯುತ್ತಾನೆ. ಅನುಭವಿ ಶಿಕ್ಷಕರೊಬ್ಬರು ಅವನಿಗೆ ಮಾರ್ಗದರ್ಶಿ. ವಿಶ್ವವಿದ್ಯಾನಿಲಯದ ಮೇಲ್ವಿಚಾರಕರು ಆಗಾಗ ಬಂದು ಪಾಠ ನೋಡಿ ಹೋಗುತ್ತಾರೆ. ಮೊದಲ ದಿನಗಳಲ್ಲಿ ಅವನ ಕೆಲಸ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವುದು. ಮಕ್ಕಳ ಹೆಸರು, ಅವರ ಮನೆಯ ಕಸುಬು, ಯಾರು ಮಾತನಾಡುತ್ತಾರೆ, ಯಾರು ಸುಮ್ಮನಿರುತ್ತಾರೆ ಎಂಬುದನ್ನು ತಿಳಿಯುವುದು. ಬಳಿಕ ಒಂದು ತರಗತಿ, ಆಮೇಲೆ ಎರಡು, ಹೀಗೆ ಕ್ರಮೇಣ ಹೊಣೆ ಅವನ ಹೆಗಲಿಗೆ ಬರುತ್ತದೆ.

ಅವನ ಮುಖ್ಯ ಕಷ್ಟ ಇಲ್ಲಿದೆ. ಅವನಿಗೆ ಸುಮಾರು 22 ವರ್ಷ. ಎದುರಿಗೆ ಕುಳಿತವರು 14ರಿಂದ 18 ವರ್ಷದವರು. ಅವರಲ್ಲಿ ಕೆಲವರು ಚಿಕ್ಕಂದಿನಿಂದ ಟ್ರ್ಯಾಕ್ಟರ್ ಓಡಿಸಿದವರು, ಹಸು ಕರು ಹಾಕುವಾಗ ನೆರವಾದವರು. ಕಾಲೇಜಿನ ಟಿಪ್ಪಣಿಯನ್ನು ಓದಿ ಹೇಳಿದರೆ ಇವರು ಕೇಳುವುದಿಲ್ಲ. ತಿಳಿಯದ್ದನ್ನು ತಿಳಿದಂತೆ ನಟಿಸಿದರೆ ಒಂದೇ ವಾರದಲ್ಲಿ ಬಣ್ಣ ಬಯಲಾಗುತ್ತದೆ. "ಇದು ನನಗೆ ಗೊತ್ತಿಲ್ಲ, ನಾಳೆ ವಿಚಾರಿಸಿ ಹೇಳುತ್ತೇನೆ" ಎಂದು ಹೇಳಿ, ಮರುದಿನ ನಿಜವಾಗಿಯೂ ಹೇಳುವವನಿಗೆ ಗೌರವ ಉಳಿಯುತ್ತದೆ.

ಒಳ್ಳೆಯ ಪಾಠವು ಕೈಕೆಲಸದಿಂದ ಆರಂಭವಾಗುತ್ತದೆ. ಬೀಜದ ಮೊಳಕೆ ಪರೀಕ್ಷೆಯನ್ನೇ ನೋಡಿ. 100 ಮುಸುಕಿನ ಜೋಳದ ಕಾಳುಗಳನ್ನು ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ, ತೇವ ಆರದಂತೆ ಬೆಚ್ಚಗಿನ ಜಾಗದಲ್ಲಿಟ್ಟು, 7ನೆಯ ದಿನ ಬಿಚ್ಚಿ ಎಣಿಸಬೇಕು. ಪೂರ್ಣ ಬೇರು, ಚಿಗುರು ಬಂದವು ಮಾತ್ರ ಲೆಕ್ಕಕ್ಕೆ. ಶೇಕಡ 80 ಮೊಳಕೆಗೆ 10 ಕಿಲೋ ಬೀಜ ಸಾಕಾಗುವ ಹೊಲಕ್ಕೆ, ಶೇಕಡ 64 ಮೊಳೆಯುವ ಬೀಜ ಎಷ್ಟು ಬೇಕು? ಹನ್ನೆರಡೂವರೆ ಕಿಲೋ. ಈ ಲೆಕ್ಕವನ್ನು ಶಿಕ್ಷಕನು ಹೇಳಬಾರದು, ವಿದ್ಯಾರ್ಥಿಗಳೇ ಮಾಡಬೇಕು. ಮಣ್ಣಿನ ಪಾಠವೂ ಹೀಗೆಯೇ. ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಪಟ್ಟಿ ಎಳೆದಾಗ, ಅದು 5 ಸೆಂಟಿಮೀಟರ್ ಮೀರಿ ನಿಂತರೆ ಜೇಡಿ ಹೆಚ್ಚು. ಪಟ್ಟಿಯೇ ಬಾರದಿದ್ದರೆ ಮರಳು ಹೆಚ್ಚು.

ಇನ್ನು ಮನೆಭೇಟಿ. ವಿದ್ಯಾರ್ಥಿಯು ಮನೆಯಲ್ಲಿ ಕೋಳಿ, ಕರು ಅಥವಾ ತರಕಾರಿಯ ಸ್ವಂತ ಯೋಜನೆ ನಡೆಸಿ ಲೆಕ್ಕ ಬರೆಯುತ್ತಾನೆ. ಮಾರಿದ ಹಣವನ್ನೆಲ್ಲ ಲಾಭವೆಂದು ಬರೆಯುವುದು ಸಾಮಾನ್ಯ ತಪ್ಪು. ಮನೆಯ ಕಣಜದ ಜೋಳವನ್ನು ಕೋಳಿಗೆ ಹಾಕಿದರೂ ಅದಕ್ಕೆ ಪೇಟೆಯ ಬೆಲೆ ಕಟ್ಟಬೇಕೆಂದು ತೋರಿಸಿದಾಗ ಲಾಭ ಕುಗ್ಗುತ್ತದೆ. ಒಮ್ಮೊಮ್ಮೆ ನಷ್ಟವೇ ಕಾಣುತ್ತದೆ. ಹುಡುಗನಿಗೆ ಬೇಸರವಾಗಬಹುದು. ಆದರೆ ಹತ್ತು ಕೋಳಿಯಲ್ಲಿ ಕಂಡ ನಷ್ಟವು ಮುಂದೆ ಸಾಲ ಮಾಡಿ ಸಾವಿರ ಕೋಳಿ ಸಾಕುವಾಗ ಅವನನ್ನು ಕಾಪಾಡುತ್ತದೆ.

ಕಾರ್ಯಾಗಾರದಲ್ಲಿ ಮಾತ್ರ ತಪ್ಪಿನಿಂದ ಕಲಿಯಲು ಬಿಡುವಂತಿಲ್ಲ. ಬೆಸುಗೆಯ ಬೆಳಕು ಕಣ್ಣಿಗೆ ಹಾನಿ. ಗರಗಸ ಬೆರಳನ್ನು ಕೇಳಿ ಕತ್ತರಿಸುವುದಿಲ್ಲ. ಸುರಕ್ಷತಾ ಪರೀಕ್ಷೆಯಲ್ಲಿ ತೇರ್ಗಡೆಯಾಗದವರನ್ನು ಯಂತ್ರ ಮುಟ್ಟಲು ಬಿಡದಿರುವುದು ಅಲ್ಲಿನ ರೂಢಿ. ಈ ವಿಷಯದಲ್ಲಿ ಸಡಿಲ ಬಿಡುವ ಶಿಕ್ಷಕ ಎಷ್ಟೇ ಪ್ರಿಯನಾದರೂ ಒಳ್ಳೆಯ ಶಿಕ್ಷಕನಲ್ಲ.

ಕರ್ನಾಟಕಕ್ಕೂ ಇದಕ್ಕೂ ನಂಟಿದೆ. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಅಮೆರಿಕದ ಲ್ಯಾಂಡ್ ಗ್ರಾಂಟ್ ಕಾಲೇಜುಗಳ ಮಾದರಿಯದು. ಟೆನೆಸ್ಸೀ ವಿಶ್ವವಿದ್ಯಾನಿಲಯದ ನೆರವನ್ನೂ ಪಡೆದುದು. ಬೋಧನೆ, ಸಂಶೋಧನೆ, ವಿಸ್ತರಣೆ ಒಂದೇ ಸೂರಿನಡಿ ಇರಬೇಕೆಂಬುದು ಆ ಮಾದರಿಯ ತಿರುಳು. ಇಲ್ಲಿಯ ಕೃಷಿ ಪದವಿ ವಿದ್ಯಾರ್ಥಿಗಳೂ ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ತಂಗುತ್ತಾರೆ. ಅವರ ಸ್ಥಿತಿಯೂ ಆ ಅಭ್ಯಾಸಿ ಶಿಕ್ಷಕನಂತೆಯೇ: ಓದು ಹೊಸದು, ಕೇಳುವವರು ಅನುಭವಿಗಳು.

ಆದುದರಿಂದ ರೈತ ಬಾಂಧವರೇ, ಅಂಥ ಹುಡುಗ ಹುಡುಗಿಯರು ನಿಮ್ಮ ಹೊಲದ ಬದುವಿಗೆ ಬಂದಾಗ ತಪ್ಪು ಹೇಳಿದರೆ ನಕ್ಕು ಕಳುಹಿಸಬೇಡಿ. ಮಣ್ಣನ್ನು ಅವರ ಕೈಗೆ ಕೊಡಿ, ಪ್ರಶ್ನೆ ಕೇಳಿ, ಉತ್ತರಕ್ಕೆ ಒಂದು ದಿನ ಅವಕಾಶ ಕೊಡಿ. ಮರುದಿನ ಉತ್ತರದೊಂದಿಗೆ ಮರಳಿ ಬರುವವರೇ ನಾಳೆ ನಿಮ್ಮ ಮಕ್ಕಳಿಗೆ ಬೇಸಾಯ ಕಲಿಸಬಲ್ಲವರು.