‘ಆಗಿದ್ದರೆ’ ಎಂಬ ಲೆಕ್ಕ



ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮಲ್ಲಿ ಅನೇಕರು ಆಡುವ ಮಾತೊಂದಿದೆ: “ಇನ್ನೊಂದೇ ಒಂದು ಅಂಕ ಬಂದಿದ್ದರೆ!” ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂದು ಹಿರಿಯರು ಇದನ್ನು ಗೇಲಿ ಮಾಡುತ್ತಾರೆ. ಆದರೆ ಈ ‘ಆಗಿದ್ದರೆ’ಯನ್ನು ಸರಿಯಾದ ಕ್ರಮದಲ್ಲಿ ಕೇಳಿದರೆ ಅದರಿಂದ ಕಲಿಯುವುದೂ ಇದೆ. ಉದಾಹರಣೆಗೆ ಸ್ಪೇನ್ ದೇಶದ ಕಾರು ಓಟಗಾರ ಫರ್ನಾಂಡೊ ಅಲೊನ್ಸೊ ಅವರನ್ನು ತೆಗೆದುಕೊಳ್ಳೋಣ.

ಅಲೊನ್ಸೊ 1981ರಲ್ಲಿ ಉತ್ತರ ಸ್ಪೇನಿನ ಒವಿಯೆಡೊ ನಗರದಲ್ಲಿ ಹುಟ್ಟಿದರು. 2001ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದರು. 2005 ಮತ್ತು 2006ರಲ್ಲಿ ರೆನೋ ತಂಡದ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದರು. ಆನಂತರ ಮೂರು ಸಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2007ರಲ್ಲಿ 1 ಅಂಕ, 2010ರಲ್ಲಿ 4 ಅಂಕ, 2012ರಲ್ಲಿ 3 ಅಂಕಗಳ ಅಂತರದಲ್ಲಿ ಪಟ್ಟ ತಪ್ಪಿತು. ಕೂಡಿಸಿದರೆ ಒಟ್ಟು 8. ಹಾಗಾದರೆ ಇನ್ನು 8 ಅಂಕ ಸಿಕ್ಕಿದ್ದರೆ ಅವರು ಐದು ಸಲ ಚಾಂಪಿಯನ್ ಆಗುತ್ತಿದ್ದರೇ? ಪರೀಕ್ಷಿಸಿ ನೋಡೋಣ.

ಮೊದಲು 2007. ಆಗ ಅಲೊನ್ಸೊ ಮೆಕ್ಲಾರೆನ್ ತಂಡದಲ್ಲಿದ್ದರು. ವರ್ಷದ ಕೊನೆಗೆ ಫೆರಾರಿಯ ಕಿಮಿ ರೈಕೊನೆನ್‌ಗೆ 110, ಅಲೊನ್ಸೊ ಮತ್ತು ಅವರ ಜೊತೆಗಾರ ಲೂಯಿಸ್ ಹ್ಯಾಮಿಲ್ಟನ್‌ಗೆ ತಲಾ 109 ಅಂಕ. ಆ ವರ್ಷ ಹಂಗೆರಿಯ ಸ್ಪರ್ಧೆಯಲ್ಲಿ ಅಲೊನ್ಸೊ ಮೊದಲ ಸ್ಥಾನದಿಂದ ಹೊರಡಬೇಕಿತ್ತು. ಅರ್ಹತಾ ಸುತ್ತಿನ ವೇಳೆ ಹ್ಯಾಮಿಲ್ಟನ್ ಕಾರಿಗೆ ಅಡ್ಡಿಯಾದರೆಂದು ದಂಡನೆ ಬಿದ್ದು, ಆರನೆಯ ಸ್ಥಾನದಿಂದ ಹೊರಟರು. ನಾಲ್ಕನೆಯವರಾಗಿ ಗುರಿ ಮುಟ್ಟಿ 5 ಅಂಕ ಪಡೆದರು. ಮೂರನೆಯವರಾಗಿದ್ದರೆ 6 ಅಂಕ. ಆಗ ಅವರಿಗೂ 110! ಆದರೂ ಪಟ್ಟ ಸಿಗುತ್ತಿರಲಿಲ್ಲ. ಅಂಕ ಸಮವಾದರೆ ಹೆಚ್ಚು ಸ್ಪರ್ಧೆ ಗೆದ್ದವರೇ ಚಾಂಪಿಯನ್. ರೈಕೊನೆನ್ ಗೆದ್ದದ್ದು 6, ಅಲೊನ್ಸೊ ಗೆದ್ದದ್ದು 4. ಎರಡನೆಯವರಾಗಿದ್ದರೆ? ಅಲೊನ್ಸೊಗೆ 112 ಆಗುತ್ತಿತ್ತು. ಅಂದು ಎರಡನೆಯವರಾಗಿದ್ದ ರೈಕೊನೆನ್ ಮೂರಕ್ಕಿಳಿದು 108ರಲ್ಲಿ ನಿಲ್ಲುತ್ತಿದ್ದರು. ನೋಡಿ, ಒಬ್ಬರ ಅಂಕವನ್ನು ತಿದ್ದಿದರೆ ಇನ್ನೊಬ್ಬರದೂ ತಾನಾಗಿ ಬದಲಾಗುತ್ತದೆ.

ಇನ್ನು 2010. ನವೆಂಬರ್ 14ರಂದು ಅಬುಧಾಬಿಯಲ್ಲಿ ಕೊನೆಯ ಸ್ಪರ್ಧೆ. ಫೆರಾರಿಯಲ್ಲಿದ್ದ ಅಲೊನ್ಸೊಗೆ 246 ಅಂಕ, ಮಾರ್ಕ್ ವೆಬ್ಬರ್‌ಗೆ 238, ಸೆಬಾಸ್ಟಿಯನ್ ವೆಟಲ್‌ಗೆ 231. ವೆಬ್ಬರ್ ಬೇಗನೆ ಟೈರು ಬದಲಿಸಿಕೊಂಡರು. ಅವರೇ ಮುಖ್ಯ ಎದುರಾಳಿ ಎಂದು ಬಗೆದು ಫೆರಾರಿ ತಂಡವೂ ಅಲೊನ್ಸೊರನ್ನು ಬೇಗನೆ ಒಳಗೆ ಕರೆಯಿತು. ಅವರು ಟ್ರ್ಯಾಕಿಗೆ ಮರಳಿದಾಗ ವೆಬ್ಬರ್ ಹಿಂದಿದ್ದರು, ನಿಜ. ಆದರೆ ಮುಂದೆ ವಿಟಾಲಿ ಪೆಟ್ರೊವ್ ಅವರ ರೆನೋ ಕಾರಿತ್ತು! ಮುಂದಿನ ಕಾರು ಕದಡಿದ ಗಾಳಿಯಲ್ಲಿ ಹಿಂದಿನ ಕಾರಿನ ರೆಕ್ಕೆಗಳು ಅದನ್ನು ನೆಲಕ್ಕೆ ಒತ್ತಿ ಹಿಡಿಯುವ ಬಲ ಕುಗ್ಗುತ್ತದೆ. ತಿರುವುಗಳಲ್ಲಿ ಹತ್ತಿರ ಹೋಗುವುದೇ ಕಷ್ಟ. ಕೊನೆಯವರೆಗೂ ಅಲೊನ್ಸೊಗೆ ಪೆಟ್ರೊವ್‌ರನ್ನು ದಾಟಲಾಗಲಿಲ್ಲ. ಏಳನೆಯ ಸ್ಥಾನ, 252 ಅಂಕ. ಅತ್ತ ವೆಟಲ್ ಗೆದ್ದು 256 ಅಂಕದೊಂದಿಗೆ ಚಾಂಪಿಯನ್ ಆದರು. ಅಲೊನ್ಸೊ ನಾಲ್ಕನೆಯವರಾಗಿದ್ದರೂ 258 ಆಗಿ ಪಟ್ಟ ಅವರದಾಗುತ್ತಿತ್ತು.

2012ರಲ್ಲಿ ಬೆಲ್ಜಿಯಂ ಮತ್ತು ಜಪಾನ್ ಸ್ಪರ್ಧೆಗಳಲ್ಲಿ ಮೊದಲ ಸುತ್ತು ಮುಗಿಯುವ ಮುನ್ನವೇ ಅಲೊನ್ಸೊ ಹೊರಬಿದ್ದರು. ವರ್ಷಾಂತ್ಯದಲ್ಲಿ ವೆಟಲ್‌ಗೆ 281, ಅಲೊನ್ಸೊಗೆ 278.

ಈಗ ಮೂರನ್ನೂ ತಿದ್ದಿ ಐದು ಪಟ್ಟ ಕೊಟ್ಟುಬಿಡೋಣವೇ? ಸ್ವಲ್ಪ ತಾಳಿ. ಮೆಕ್ಲಾರೆನ್ ತಂಡದೊಡನೆ ಮನಸ್ತಾಪ ಬೆಳೆದು, 2007ರ ಕೊನೆಗೆ ಅಲೊನ್ಸೊ ಅದನ್ನು ಬಿಟ್ಟರು. ಮತ್ತೆ ರೆನೋ ಸೇರಿ, 2010ರಲ್ಲಿ ಫೆರಾರಿಗೆ ಬಂದರು. 2007ರಲ್ಲೇ ಪಟ್ಟ ಸಿಕ್ಕಿದ್ದರೆ ಅವರು ಮೆಕ್ಲಾರೆನ್‌ನಲ್ಲೇ ಉಳಿಯುತ್ತಿದ್ದರೇನೋ. ಹಾಗೆ ಉಳಿದಿದ್ದರೆ ಅಬುಧಾಬಿಯಲ್ಲಿ ಫೆರಾರಿ ಕಾರಿನಲ್ಲಿ ಅವರು ಇರುತ್ತಲೇ ಇರಲಿಲ್ಲ! ಒಂದು ಕೊಂಡಿಯನ್ನು ತಿದ್ದಿದ ಕೂಡಲೇ ಮುಂದಿನ ಸರಪಳಿ ನಮ್ಮ ಕೈತಪ್ಪುತ್ತದೆ. ಪ್ರಯೋಗಾಲಯದಲ್ಲಿ ನಾವು ಒಂದು ಅಂಶವನ್ನು ಬದಲಿಸಿ ಉಳಿದುವನ್ನು ಸ್ಥಿರವಾಗಿ ಇಡಬಲ್ಲೆವು. ಬದುಕಿನಲ್ಲಿ ಉಳಿದುವು ಸ್ಥಿರವಾಗಿ ನಿಲ್ಲುವುದಿಲ್ಲ. 1, 4, 3 ಎಂಬ ಅಂಕಗಳನ್ನು ಕೂಡಿಸಬಹುದು. ಆ ವರ್ಷಗಳನ್ನು ಕೂಡಿಸಲಾಗದು.

ಹಾಗಾದರೆ ‘ಆಗಿದ್ದರೆ’ ವ್ಯರ್ಥವೇ? ಅಲ್ಲ. ಒಂದನ್ನು ಮಾತ್ರ ಬದಲಿಸಿ ಕೇಳಿದಾಗ ಅದು ಕಾರಣವನ್ನು ತೋರಿಸುತ್ತದೆ. ಅಬುಧಾಬಿಯ ಪಾಠ ಏನು? ಒಬ್ಬ ಎದುರಾಳಿಯ ಮೇಲೆ ಮಾತ್ರ ಕಣ್ಣಿಟ್ಟ ತಂಡ ಉಳಿದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಪಾಠ ಮುಂದಿನ ಸ್ಪರ್ಧೆಗೆ ಉಪಯುಕ್ತ. ‘ನನ್ನದು ಐದು ಪಟ್ಟ’ ಎಂದು ಕೊರಗುವುದು ಯಾವುದಕ್ಕೂ ಉಪಯೋಗವಿಲ್ಲ.

ಅಲೊನ್ಸೊ ಓಟ ನಿಲ್ಲಿಸಲಿಲ್ಲ. ಫಾರ್ಮುಲಾ ಒನ್‌ನಲ್ಲಿ ಗೆಲುವು ದೂರವಾದ ಕಾಲದಲ್ಲಿ ಅವರು ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಓಟಕ್ಕೆ ಹೋದರು. 2018 ಮತ್ತು 2019ರಲ್ಲಿ ಟೊಯೋಟಾ ತಂಡದ ಜೊತೆಗಾರರೊಂದಿಗೆ ಅದನ್ನು ಗೆದ್ದರು. 2023ರಲ್ಲಿ, 41ನೆಯ ವಯಸ್ಸಿನಲ್ಲಿ, ಆಸ್ಟನ್ ಮಾರ್ಟಿನ್ ತಂಡದ ಪರ ಮೊದಲ ಸ್ಪರ್ಧೆಯಲ್ಲೇ ಮೂರನೆಯವರಾಗಿ ವಿಜಯವೇದಿಕೆ ಏರಿದರು.

ಫಲಿತಾಂಶದ ಹಾಳೆ ಕೈಗೆ ಬಂದ ದಿನ, ಒಂದು ಅಂಕ ಕಡಿಮೆಯಾಗಿದ್ದರೆ ನೀವೂ ‘ಆಗಿದ್ದರೆ’ ಎಂದು ಕೇಳಿಕೊಳ್ಳಿ. ಆದರೆ ಒಂದೇ ಒಂದು ಸಲ, ಕಾರಣ ತಿಳಿಯುವಷ್ಟು ಮಾತ್ರ. ಆಮೇಲೆ ಹಾಳೆಯನ್ನು ಮಡಚಿಟ್ಟು ಪುಸ್ತಕ ತೆರೆಯಿರಿ.