ಸೆರಗಿನ ಕೊಂಡಿ: ಬಟ್ಟೆಯ ಹುಟ್ಟೂರನ್ನು ಗುರುತಿಸುವ ಬಗೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಮಾಡಿದ ಭಾಷಣದ ಪಾಠ)



ಈ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಬಟ್ಟೆ ಅಂಗಡಿಯ ಗಾದಿಯೇರಿದವನು ನಾನು. ಬೇರೆ ಶಾಸ್ತ್ರ ತಿಳಿಯದವನಾದ್ದರಿಂದ, ಒಳ್ಳೆಯ ನೇಯ್ಗೆಯನ್ನು ಗುರುತಿಸುವ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂಬ ಸಂಘಟಕರ ಆದೇಶವನ್ನು ಸಂತೋಷದಿಂದ ಒಪ್ಪಿಕೊಂಡೆ.

ಸೊಲ್ಲಾಪುರದಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ಅಂಗಡಿಗೆ ಬಂದ ಗಿರಾಕಿಗಳು ಸೀರೆಯನ್ನು ಕೈಯಲ್ಲಿ ಹಿಡಿದು ಕೇಳುವುದು ಒಂದೇ ಪ್ರಶ್ನೆ: “ಇದು ಅಸಲೀ ಇರಕಲ್ ಹೌದೇನ್ರಿ?” ಕೇಳಲು ಒಂದು ಪ್ರಶ್ನೆಯಾದರೂ ಅದರೊಳಗೆ ಮೂರು ಅಡಗಿವೆ. ಬಟ್ಟೆ ಯಾವ ಊರಿನದು? ಕೈಮಗ್ಗದ್ದೋ ಯಂತ್ರಮಗ್ಗದ್ದೋ? ನೂಲು ಯಾವುದು? ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ವ್ಯಾಪಾರದ ಮೋಸವೆಲ್ಲ ಈ ಮೂರನ್ನು ಕಲಸಿ ಒಂದೇ ಮಾತಿನಲ್ಲಿ “ಹೌದು” ಎಂದುಬಿಡುವುದರಲ್ಲಿದೆ.

ಮರಾಠಿಯಲ್ಲಿ ಇರಕಲ್ ಎನ್ನಿಸಿಕೊಂಡದ್ದು ನಮ್ಮ ಇಳಕಲ್. ಭೀಮೆ, ಕೃಷ್ಣೆ ಎರಡನ್ನೂ ದಾಟಿದ ಮೇಲೆ ಬಾಗಲಕೋಟೆ ಜಿಲ್ಲೆಯಲ್ಲಿ ಸಿಗುವ ಊರು ಅದು. ಅಲ್ಲಿಯ ಸೀರೆಯನ್ನು ಉಟ್ಟು ಬೆಳೆಸಿದವರಲ್ಲಿ ಮಹಾರಾಷ್ಟ್ರದ ಹೆಣ್ಣುಮಕ್ಕಳ ಪಾಲು ದೊಡ್ಡದು. ಆ ಸೀರೆಯ ಗುಟ್ಟು ಇರುವುದು ದಡಿಯಲ್ಲಲ್ಲ, ಒಡಲು ಮುಗಿದು ಸೆರಗು ಆರಂಭವಾಗುವ ಗೆರೆಯಲ್ಲಿ. ಇಳಕಲ್ಲಿನ ನೇಕಾರರು ಒಡಲಿಗೊಂದು ಹಾಸು, ಸೆರಗಿಗೆ ಬೇರೊಂದು ಹಾಸು ಸಿದ್ಧಮಾಡುತ್ತಾರೆ. ಒಡಲಿನದು ಹೆಚ್ಚಾಗಿ ಹತ್ತಿ; ಸೆರಗಿನದು ಕೆಂಪು ರೇಷ್ಮೆ. ಒಂದರ ಎಳೆಯ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆಯನ್ನು ಸಿಕ್ಕಿಸುತ್ತ, ಅಗಲದುದ್ದಕ್ಕೂ ಎಳೆ ಎಳೆಯಾಗಿ ಜೋಡಿಸುವ ಈ ಕೆಲಸಕ್ಕೆ ಕೊಂಡಿ ಎಂದು ಹೆಸರು. ಸಾಮಾನ್ಯ ಮಗ್ಗದಲ್ಲಿ ಉದ್ದನೆಯ ಹಾಸನ್ನು ಒಮ್ಮೆ ಹೂಡಿದರೆ ಸೀರೆಯ ಮೇಲೆ ಸೀರೆ ಇಳಿಯುತ್ತ ಹೋಗುತ್ತದೆ. ಕೊಂಡಿಯ ಸೀರೆಗೆ ಆ ಅನುಕೂಲವಿಲ್ಲ. ಆರು ಗಜವೋ, ಎಂಟು ಗಜವೋ, ಒಂಬತ್ತು ಗಜವೋ, ಒಂದು ಹಾಸಿಗೆ ಒಂದೇ ಸೀರೆ. ಮುಂದಿನದಕ್ಕೆ ಮತ್ತೆ ಮೊದಲಿನಿಂದ ಕೊಂಡಿ. ವೇಗವನ್ನೇ ನಂಬಿದ ಯಂತ್ರಕ್ಕೆ ಇದು ಒಗ್ಗದು. ಕೈಮಗ್ಗದ ಸೀರೆಗೆ ಹೆಚ್ಚು ಬೆಲೆ ಏಕೆಂದು ಕೇಳುವವರಿಗೆ ನಾನು ಈ ಗೆರೆಯನ್ನೇ ತೋರಿಸುತ್ತೇನೆ.

ಪರೀಕ್ಷೆ ಸುಲಭ. ಸೀರೆಯನ್ನು ತಿರುವಿ ಹಾಕಿ, ಸೆರಗಿನ ಕೊನೆಯಲ್ಲಿ ಜೋಲುವ ಎಳೆಗಳನ್ನು ನೋಡಿ. ಒಡಲು ಹಸಿರು, ಸೆರಗು ಕೆಂಪು ಎಂದಿಟ್ಟುಕೊಳ್ಳಿ. ಕೊಂಡಿಯ ಸೀರೆಯಾದರೆ ಉದ್ದೆಳೆಗಳು ಕೆಂಪಾಗಿರುತ್ತವೆ, ಏಕೆಂದರೆ ಹಸಿರು ಎಳೆ ಗಡಿಯಲ್ಲಿಯೇ ನಿಂತುಹೋಗಿದೆ. ಅನುಕರಣೆಯಲ್ಲಿ ಒಡಲಿನ ಹಸಿರು ಎಳೆಯೇ ಸೆರಗಿನ ತುದಿಯವರೆಗೂ ಓಡಿ ಬಂದಿರುತ್ತದೆ. ಮೇಲೆ ಕೆಂಪು ಹೊಕ್ಕು ಹೊಡೆದು ಬಣ್ಣ ಮುಚ್ಚಿರುತ್ತಾರೆ. ಬೆಳಕಿಗೆ ಹಿಡಿದರೆ ಆ ಕೆಂಪಿನ ಕೆಳಗೆ ಹಸಿರು ಮಿಸುಕುತ್ತದೆ.

ಸೆರಗಿನ ಬಿಳಿ ಚಿತ್ತಾರಕ್ಕೆ ಹಣಿಗೆ, ಕೋಟೆ ಕಮ್ಮಲಿ, ಟೋಪುತೆನೆ, ರಂಪ ಎಂಬ ಹೆಸರುಗಳಿವೆ. ಬಾಚಣಿಗೆ, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು, ಎಲ್ಲವೂ ನಮ್ಮ ಸೀಮೆಯವೇ. ದಡಿಗಳಲ್ಲಿ ಗೋಮಿ, ಪರಾಸಪೇಟಿ, ಗಾಡಿ ಎಂಬ ಬಗೆಗಳುಂಟು. ಹೆಸರು ತಿಳಿದು ಕೇಳುವ ಗಿರಾಕಿಯೊಡನೆ ಅಂಗಡಿಯವನು ಬೇರೆ ಧಾಟಿಯಲ್ಲಿ ಮಾತನಾಡುತ್ತಾನೆ, ಇದು ನನ್ನ ಅನುಭವ. ಆದರೆ ಚಿತ್ತಾರವನ್ನು ಯಂತ್ರವೂ ಕದಿಯಬಲ್ಲದು, ಅದೊಂದನ್ನೇ ನಂಬಬೇಡಿ.

ಕೈಮಗ್ಗದ್ದಾದರೆ ನೇಯ್ಗೆಯಲ್ಲಿ ದೋಷವಿರಲೇಬೇಕೆಂಬ ಮಾತೊಂದು ಹಬ್ಬಿದೆ. ಇದನ್ನು ನಾನು ಒಪ್ಪುವುದಿಲ್ಲ. ನುರಿತ ನೇಕಾರನ ಬಟ್ಟೆ ಕನ್ನಡಿಯಂತೆ ಸಮನಾಗಿರುತ್ತದೆ. ಎಳೆ ಹರಿದ ಕಳಪೆ ಮಾಲನ್ನು “ಕೈಕೆಲಸ, ಹಾಗೇ ಇರ್ತದ್ರಿ” ಎಂದು ದಾಟಿಸಲು ಈ ಮಾತು ವ್ಯಾಪಾರಿಗಳಿಗೆ ಅನುಕೂಲವಾಗಿದೆ, ಅಷ್ಟೆ.

ಇನ್ನು ನೂಲು. ಇಳಕಲ್ಲಿನಲ್ಲಿ ಅಚ್ಚ ರೇಷ್ಮೆಯಂತೆಯೇ ಚಮಕಾ ಎಂಬ ಕೃತಕ ರೇಷ್ಮೆಯೂ ಬಳಕೆಯಲ್ಲಿದೆ. ಚಮಕಾದ ಸೀರೆಯೂ ಇಳಕಲ್ಲಿನದೇ, ಕೈಮಗ್ಗದ್ದೇ ಆಗಿರಬಹುದು. ಬಡವರಿಗೆ ಎಟುಕುವ ಬೆಲೆಗೆ ಅದು ಒಳ್ಳೆಯ ಸೀರೆ. ರೇಷ್ಮೆಯ ಬೆಲೆಗೆ ಮಾರಿದಾಗ ಮಾತ್ರ ಅದು ಮೋಸ. ಅನುಮಾನ ಬಂದರೆ ಸೆರಗಿನ ತುದಿಯಿಂದ ಒಂದೆರಡು ಎಳೆ ತೆಗೆದು ದೀಪಕ್ಕೆ ಒಡ್ಡಬೇಕು. ರೇಷ್ಮೆ ನಿಧಾನವಾಗಿ ಉರಿದು, ಉರಿ ಸರಿಸಿದೊಡನೆ ಆರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿಯ ಕಾಳು ಬೆರಳಲ್ಲಿ ಹುಡಿಯಾಗುತ್ತದೆ. ವಿಸ್ಕೋಸಿನ ಕೃತಕ ರೇಷ್ಮೆ ಕಾಗದದಂತೆ ಭಗ್ಗನೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. (ಮಕ್ಕಳೆ, ಇದನ್ನು ಹಿರಿಯರ ಎದುರಿಗೆ ಮಾಡಿ, ಅಜ್ಜಿಯ ಸೀರೆಯ ಮೇಲೆ ಮಾತ್ರ ಬೇಡ.)

ಇದೇ ನ್ಯಾಯ ನೆಲಕ್ಕೆ ಹಾಸುವ ಬಟ್ಟೆಗೂ ಅನ್ವಯಿಸುತ್ತದೆ. ಪ್ರದರ್ಶನಗಳಲ್ಲಿ ಕಾಶ್ಮೀರದ ರೇಷ್ಮೆ ರತ್ನಗಂಬಳಿ ಎಂದು ಹೊಳೆಯುವ ಹಾಸುಗಳನ್ನು ಮಾರುತ್ತಾರೆ. ಕಾಶ್ಮೀರದ ಕುಶಲಿಗಳು ತಾಲೀಮ್ ಎಂಬ ಸಂಕೇತಲಿಪಿಯನ್ನು ಓದಿಕೊಂಡು ಗಂಟು ಗಂಟಾಗಿ ಚಿತ್ತಾರ ಕಟ್ಟುತ್ತಾರೆ. ಆದ್ದರಿಂದ ಬೆನ್ನಿನಲ್ಲಿಯೂ ಚಿತ್ತಾರ ಸ್ಪಷ್ಟವಾಗಿ, ಗಂಟುಗಳು ಎಣಿಸುವಂತೆ ಕಾಣುತ್ತವೆ. ಅಂಚಿನ ಕುಚ್ಚು ಹಾಸಿನ ಎಳೆಗಳ ತುದಿಯೇ ಆಗಿರುತ್ತದೆ. ಬೆನ್ನಿಗೆ ಬಟ್ಟೆ ಅಂಟಿಸಿ, ಕುಚ್ಚನ್ನು ಬೇರೆಯಾಗಿ ಹೊಲಿದಿದ್ದರೆ ಅದು ಗಂಟು ಕಟ್ಟಿದ ಕೆಲಸವಲ್ಲ. ಹೊಳಪನ್ನು ನೋಡಿ ಮರುಳಾಗಬಾರದು. ವಿಸ್ಕೋಸೂ ಅಷ್ಟೇ ಹೊಳೆಯುತ್ತದೆ. ಅಷ್ಟು ದೂರ ಹೋಗುವುದೇಕೆ, ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ಹತ್ತಿಯ ಜಮಖಾನ ನೇಯುತ್ತಾರೆ. ಪಗಡೆಯ ಹಾಸು, ನವಿಲು ಅದರ ಮೇಲೆ ಮೂಡುತ್ತವೆ. ರೇಷ್ಮೆಯಿಲ್ಲದಿದ್ದರೂ ಕೈಗುಣದಲ್ಲಿ ಅದು ಯಾವ ರತ್ನಗಂಬಳಿಗೂ ಕಡಿಮೆಯಲ್ಲವೆಂದು ನಾನು ಧೈರ್ಯದಿಂದ ಹೇಳುತ್ತೇನೆ.

ಸರಕಾರದ ಮುದ್ರೆಗಳಿಲ್ಲವೇ ಎಂದು ಕೇಳಬಹುದು. ಇವೆ, ಆದರೆ ಒಂದೊಂದು ಮುದ್ರೆ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತದೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ನೂಲು ಶುದ್ಧ ರೇಷ್ಮೆಯೆಂದು ಸಾರುತ್ತದೆ. ಮಗ್ಗ ಯಾವುದೆಂದು ತಿಳಿಸದು. 2006ರ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗವೆಂದು ಸಾರುತ್ತದೆ, ಊರನ್ನು ತಿಳಿಸದು. ಊರಿನ ಪ್ರಶ್ನೆಗೆ ಉತ್ತರ ಭೌಗೋಳಿಕ ಸೂಚಕ. ಅದರ ಕಾಯಿದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ಇಳಕಲ್ ಸೀರೆಗೂ ನವಲಗುಂದದ ಜಮಖಾನಕ್ಕೂ ಈ ಮಾನ್ಯತೆ ದೊರೆತಿದೆ. ಇವಲ್ಲದೆ 1985ರ ಕಾಯಿದೆಯೊಂದು ನಿರ್ದಿಷ್ಟ ಲಕ್ಷಣದ ಸೀರೆ, ಜಮಖಾನ ಮುಂತಾದ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿದೆ.

ಈ ಸಭೆಯಲ್ಲಿ ಕುಳಿತ ಹಲವರ ಮನೆಯಲ್ಲಿ ಯಂತ್ರಮಗ್ಗದ ಸದ್ದು ಇದ್ದೀತು. ನನ್ನ ಮಾತು ಅವರಿಗೆ ನೋವು ತಂದಿರಬಹುದು. 1877ರಲ್ಲಿ ಮೊದಲ ಗಿರಣಿ ಕಂಡ ಊರು ಸೊಲ್ಲಾಪುರ. ತೆಲಂಗಾಣದಿಂದ ಬಂದ ಪದ್ಮಶಾಲಿ ಬಂಧುಗಳು, ನಮ್ಮ ಕನ್ನಡದ ಮನೆಗಳು, ಮರಾಠಿ, ಉರ್ದು ಮನೆಗಳು, ಎಲ್ಲರೂ ನೂಲಿನಿಂದಲೇ ಅನ್ನ ಕಂಡವರು. ಯಂತ್ರಮಗ್ಗದ ದುಡಿಮೆಯೂ ಬೆವರಿನದೇ. ನನ್ನ ತಕರಾರು ಹೆಸರಿನದು. ಸೊಲ್ಲಾಪುರದ ಚಾದರಕ್ಕೆ 2005ರಲ್ಲಿಯೇ ಭೌಗೋಳಿಕ ಸೂಚಕ ಸಿಕ್ಕಿತು. ಆದರೂ ಬೇರೆಲ್ಲಿಯೋ ನೇಯ್ದ ತೆಳು ಚಾದರವನ್ನು “ಸೋಲಾಪುರಿ” ಎಂದು ಮಾರುವುದನ್ನು ಕಂಡಾಗ ನಮಗೆ ಹೊಟ್ಟೆ ಉರಿಯುತ್ತದೆ. ಕೊಂಡಿಯಿಲ್ಲದ ಸೀರೆಗೆ ನಾವು ಇರಕಲ್ ಎಂದು ಚೀಟಿ ಹಚ್ಚಿದಾಗ ಇಳಕಲ್ಲಿನ ಮಗ್ಗದ ಮುಂದೆ ಕುಳಿತವನಿಗೂ ಅದೇ ಉರಿ. ಹಚ್ಚುವುದೇ ಆದರೆ “ಯಂತ್ರಮಗ್ಗದ್ದು, ಇಳಕಲ್ ಮಾದರಿ” ಎಂದು ಹಚ್ಚೋಣ, ಗಿರಾಕಿ ಓಡಿಹೋಗುವುದಿಲ್ಲ. ಓಡಿಹೋಗುವನೆಂಬ ಭಯ ವ್ಯಾಪಾರಿಗಳದು, ನನ್ನ ಅಂಗಡಿಯಲ್ಲಿ ಹಾಗಾಗಿಲ್ಲ.

ಕೊಂಡಿಯನ್ನು ಕಣ್ಣಾರೆ ಕಾಣಬೇಕೆನ್ನುವ ವಿದ್ಯಾರ್ಥಿಗಳು ಅಂಗಡಿಗೆ ಬರಬೇಕಿಲ್ಲ. ಹಳೆಯ ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲು ಸವೆದರೂ ಸೆರಗನ್ನು ನಮ್ಮ ಅಜ್ಜಿಯರು ಎಸೆಯುತ್ತಿರಲಿಲ್ಲ. ಕೌದಿಗೆ ಹಚ್ಚಿ ಹೊಲಿಯುತ್ತಿದ್ದರು. ಮನೆಯ ಕೌದಿಯನ್ನು ಬಿಸಿಲಿಗೆ ಹಾಕಿದಾಗ ಕೆಂಪು ತುಂಡುಗಳನ್ನು ಹುಡುಕಿ ನೋಡಿ. ಅಂಚಿನಲ್ಲಿ ಒಂದು ಬೆರಳಗಲ ಒಡಲೂ ಉಳಿದಿದ್ದರೆ, ಎರಡು ಬಣ್ಣದ ಎಳೆಗಳು ಕುಣಿಕೆಯಲ್ಲಿ ಕುಣಿಕೆ ಹಾಕಿಕೊಂಡು ನಿಂತಿರುವುದು ಭೂತಗನ್ನಡಿಯಿಲ್ಲದೆಯೂ ಕಾಣುತ್ತದೆ.