ಮರಗಸಿಯವನ ಕೈ, ತೋಟದ ನೆರಳು



ಶ್ರೀಮಂಗಲದ ಕಾಫಿ ತೋಟಗಳಲ್ಲಿ ಮರವೈದ್ಯನೆಂದರೆ ಮರಗಸಿಯವನು. ಏಣಿ, ಹಗ್ಗ, ಕತ್ತಿ, ನಾಲ್ಕಾರು ಜನರ ತಂಡ ಇವೇ ಆತನ ಬಂಡವಾಳ. ದುಡಿಮೆ ಬಹುಪಾಲು ಮುಂಗಾರಿಗೆ ಮುನ್ನಿನ ವಾರಗಳಲ್ಲಿ. ಮಳೆಗಾಲದ ಮಂದ ಬೆಳಕು ಕಾಫಿ ಗಿಡಕ್ಕೆ ತಲುಪಬೇಕು, ಬೇಸಿಗೆಗೆ ನೆರಳೂ ಉಳಿಯಬೇಕು.

ನುರಿತವನು ಮೊದಲು ಕೊಂಬೆಯ ಕೆಳಮಗ್ಗುಲಲ್ಲಿ ಕಚ್ಚು ಹಾಕುತ್ತಾನೆ, ತೊಗಟೆ ಸೀಳುವುದಿಲ್ಲ. ಕೊಂಬೆಯ ಬುಡದ ಉಬ್ಬನ್ನು ಉಳಿಸುತ್ತಾನೆ. ಗಾಯ ಅಲ್ಲಿಂದಲೇ ಮುಚ್ಚಿಕೊಳ್ಳುತ್ತದೆ. ಇದಕ್ಕೆ ವ್ಯವಧಾನ ಬೇಕು. ಮರವೊಂದಕ್ಕೆ ಇಷ್ಟೆಂದು ಗುತ್ತಿಗೆಯಾದರೆ ಅವಸರವೇ ಲಾಭ. ಆಗ ಹಲಸು, ಅತ್ತಿ ಬೋಳಾಗುತ್ತವೆ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕೊಡಗಿನಲ್ಲಿ ಜೀವಗಳೂ ಹೋಗಿವೆ.

ಆದ್ದರಿಂದ ನ್ಯಾಯವಾದ ದಿನಗೂಲಿ, ವಿಮೆ, ತಂತಿಯ ಬಳಿ ಕೆಲಸವಿರುವಾಗ ವಿದ್ಯುತ್ ಕಡಿತ ಇವನ್ನು ಬೆಳೆಗಾರರು ಗೊಬ್ಬರದ ಖರ್ಚಿನಂತೆಯೇ ತೋಟದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.